ಮಾಂಗಾ, ಮಾನ್ಹ್ವಾ: ಒಬ್ಬ ಓದುಗನ ಅನಿಸಿಕೆಗಳು

'ಮಾಂಗಾ' ಎಂಬ ಶಬ್ದ ನಮ್ಮ ಗಡಿಯೂರಿನ ಕಿವಿಗೆ ಬಿದ್ದರೆ ಎರಡು ಬಗೆಯ ನಗು ಹುಟ್ಟುತ್ತದೆ. ಕನ್ನಡ ಮನೆಯ ಅಜ್ಜಿಗೆ ಅದು ಮರದ ಮೇಲಿನ ಮಂಗನಂತೆ ಕೇಳಿಸಿದರೆ, ಮಲಯಾಳ ಮನೆಯ ಅಮ್ಮಮ್ಮನಿಗೆ ಅದೇ ಮರದ ಮಾವಿನಕಾಯಿಯಂತೆ ಕೇಳಿಸುತ್ತದೆ. ನಗು ಮುಗಿದ ಮೇಲೆ ಎರಡು ಮನೆಗಳಲ್ಲೂ ಉಳಿಯುವುದು ಒಂದೇ ಆತಂಕ. ಮಕ್ಕಳು ಸಂಜೆಯಿಡೀ ಫೋನಿನಲ್ಲಿ ಜಪಾನಿನ, ಕೊರಿಯದ ಚಿತ್ರಕಥೆಗಳನ್ನು ಓದುತ್ತಾರೆ. ಮನೆಯ ಕಪಾಟಿನ ಕನ್ನಡ ಪುಸ್ತಕಗಳನ್ನು ಮುಟ್ಟುವುದಿಲ್ಲ. ಈ ಆತಂಕವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಓದದೆಯೇ ತೀರ್ಪು ಕೊಡುವುದು ವಿಮರ್ಶೆಯಲ್ಲ. ಕೆಲವು ವರ್ಷಗಳಿಂದ ಇಂಗ್ಲಿಷ್ ಅನುವಾದಗಳ ಮೂಲಕ ಓದಿದ ಕೆಲವು ಕೃತಿಗಳ ಬಗ್ಗೆ ನನಗೆ ತೋರಿದ್ದನ್ನು ಇಲ್ಲಿ ಹೇಳುತ್ತೇನೆ. ಇದು ಶಾಸ್ತ್ರೀಯ ಅಧ್ಯಯನವಲ್ಲ, ಒಬ್ಬ ಓದುಗನ ಮೆಚ್ಚುಗೆ ಮತ್ತು ತಕರಾರುಗಳ ಲೆಕ್ಕ.

ಮೊದಲು ಹೆಸರಿನ ವಿಚಾರ. ಜಪಾನೀಯರ 'ಮಾಂಗಾ', ಕೊರಿಯನ್ನರ 'ಮಾನ್ಹ್ವಾ' ಎರಡೂ ಒಂದೇ ಜೋಡಿ ಚೀನೀ ಅಕ್ಷರಗಳ ಎರಡು ಉಚ್ಚಾರಗಳು. ನಾವು 'ಕಥೆ' ಎಂದದ್ದನ್ನು ನೆರೆಮನೆಯವರು 'ಕಥ' ಎನ್ನುವುದಿಲ್ಲವೇ, ಹಾಗೆ. ಆದರೆ ನೆರೆಹೊರೆಯ ಈ ಎರಡು ನಾಡುಗಳ ನಡುವೆ ಇರುವುದು ನಮ್ಮ ನಡುವಿನಂಥ ಸಂಬಂಧವಲ್ಲ. 1910ರಿಂದ 1945ರವರೆಗೆ ಕೊರಿಯ ಜಪಾನಿನ ಆಳ್ವಿಕೆಯಲ್ಲಿತ್ತು. 1938ರ ಬಳಿಕ ಶಾಲೆಗಳಲ್ಲಿ ಕೊರಿಯನ್ ಭಾಷೆ ಮೂಲೆಗೆ ಬಿತ್ತು. 1940ರಲ್ಲಿ ಜನ ತಮ್ಮ ಹೆಸರನ್ನೇ ಜಪಾನೀ ಹೆಸರಾಗಿ ಬದಲಿಸಿಕೊಳ್ಳಬೇಕಾದ ಒತ್ತಡ ಬಂತು. ಇದನ್ನು ನೆನಪಿನಲ್ಲಿಟ್ಟುಕೊಂಡೇ ಈ ಎರಡು ನಾಡುಗಳ ಚಿತ್ರಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕೆಂಬುದು ನನ್ನ ಅಭಿಪ್ರಾಯ.

ಚಿತ್ರಕಥೆ ನಮಗೆ ಹೊಸತೇನೂ ಅಲ್ಲ. ಅಮರ ಚಿತ್ರ ಕಥೆಯ ಅನಂತ ಪೈಯವರು ಹುಟ್ಟಿದ್ದು ಕಾರ್ಕಳದಲ್ಲಿ. ಮಲಯಾಳದಲ್ಲಿ ಜಿ. ಅರವಿಂದನ್ ಚಲನಚಿತ್ರಗಳಿಗೆ ಕೈಹಾಕುವ ಮೊದಲೇ, 1961ರಿಂದ, ಮಾತೃಭೂಮಿ ವಾರಪತ್ರಿಕೆಯಲ್ಲಿ 'ಚೆರಿಯ ಮನುಷ್ಯರುಂ ವಲಿಯ ಲೋಕವುಂ' ಬರೆದರು. ಅಲ್ಲಿನ ರಾಮು ವರ್ಷ ಕಳೆದಂತೆ ಬೆಳೆಯುತ್ತಾನೆ, ಬದಲಾಗುತ್ತಾನೆ, ಲೋಕದೊಡನೆ ರಾಜಿಯಾಗುತ್ತಾನೆ. ಟಾಮ್ಸರ 'ಬೋಬನುಂ ಮೋಳಿಯುಂ' ಸಲುವಾಗಿ ವಾರಪತ್ರಿಕೆಯನ್ನು ಕೊನೆಯ ಪುಟದಿಂದ ಬಿಡಿಸಿ ಓದುವ ಅಭ್ಯಾಸ ಎಷ್ಟೋ ಮನೆಗಳಲ್ಲಿತ್ತು. ಹೀಗಾಗಿ ಮಾಂಗಾದ ಪುಸ್ತಕ ನಮ್ಮ ಲೆಕ್ಕದ ಕೊನೆಯ ಪುಟದಲ್ಲಿ ಆರಂಭವಾಗಿ ಬಲದಿಂದ ಎಡಕ್ಕೆ ಸಾಗುವುದು ಇಲ್ಲಿಯ ಓದುಗರಿಗೆ ಅಷ್ಟೊಂದು ವಿಚಿತ್ರವಾಗಿ ಕಾಣಬೇಕಾಗಿಲ್ಲ. ಹಿಂದೆ ಇಂಗ್ಲಿಷ್ ಪ್ರಕಾಶಕರು ಓದುಗರಿಗೆ ಅನುಕೂಲವಾಗಲೆಂದು ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಅಚ್ಚು ಹಾಕುತ್ತಿದ್ದರು. ಆಗ ಬಲಗೈ ಸಮುರಾಯಿಗಳೆಲ್ಲ ಎಡಚರಾದರು. ಅನುವಾದದಲ್ಲಿ ಓದುಗನಿಗೆ ಕೊಡುವ ಸೌಕರ್ಯದ ಬೆಲೆಯನ್ನು ಮೂಲಕೃತಿ ತೆರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಒಸಾಮು ತೆಜುಕಾ (1928–1989) ಅವರ 'ಬುದ್ಧ'ದಿಂದ ಆರಂಭಿಸುತ್ತೇನೆ. ಭಾರತೀಯ ಓದುಗನಿಗೆ ಸಹಜವಾಗಿ ಮೊದಲು ತೆರೆಯುವ ಬಾಗಿಲು ಅದು. 1972ರಿಂದ 1983ರವರೆಗೆ ಧಾರಾವಾಹಿಯಾಗಿ ಬಂದ ಈ ಕೃತಿ ಇಂಗ್ಲಿಷಿನಲ್ಲಿ 8 ಸಂಪುಟಗಳಲ್ಲಿದೆ. ತೆಜುಕಾ ವೈದ್ಯಕೀಯ ಓದಿದವರು. ಅವರ ಬುದ್ಧನಲ್ಲೂ ಧರ್ಮಸಂಸ್ಥಾಪಕನಿಗಿಂತ ರೋಗಿಯ ಪಕ್ಕದಲ್ಲಿ ಕುಳಿತ ವೈದ್ಯನೇ ಹೆಚ್ಚಾಗಿ ಕಾಣಿಸುತ್ತಾನೆ. ಕಥೆ ಸಿದ್ಧಾರ್ಥನಿಂದಲ್ಲ, ಚಪ್ರ ಎಂಬ ಗುಲಾಮ ಹುಡುಗನಿಂದ ಮತ್ತು ತತ್ತ ಎಂಬ ಹೊಲೆಗೇರಿಯ ಹುಡುಗನಿಂದ ಮೊದಲಾಗುತ್ತದೆ. ಇಬ್ಬರೂ ತೆಜುಕಾ ಸೃಷ್ಟಿಸಿದ ಪಾತ್ರಗಳು. ಸೇನಾಪತಿಯನ್ನು ಬದುಕಿಸಿ ಅವನ ದತ್ತುಮಗನಾಗಿ, ಹುಟ್ಟನ್ನು ಮುಚ್ಚಿಟ್ಟು ಮೇಲೇರುವ ಚಪ್ರ ಕೊನೆಗೆ ತನ್ನ ತಾಯಿಯನ್ನು 'ನನ್ನವಳಲ್ಲ' ಎನ್ನಲಾರದೆ ನಾಶವಾಗುತ್ತಾನೆ. ಕರ್ಣನ ಕಥೆ ಬಲ್ಲ ನಮಗೆ ಈ ಭಾಗ ಕರುಳು ಹಿಂಡುತ್ತದೆ. ಹೊರನಾಡಿನ ಒಬ್ಬ ಕಲಾವಿದ ನಮ್ಮ ಜಾತಿಪದ್ಧತಿಯನ್ನು ಬುದ್ಧಕಥೆಯ ಕೇಂದ್ರಕ್ಕೆ ತಂದ, ನಾವು ಮಕ್ಕಳಿಗೆ ಹೇಳುವ ಬುದ್ಧಕಥೆಯಲ್ಲಿ ಅದು ಅಂಚಿನಲ್ಲಿದೆ ಎಂಬುದನ್ನು ಯೋಚಿಸಬೇಕು. ನನ್ನ ತಕರಾರೂ ಇದೆ. ಗಂಭೀರ ಸನ್ನಿವೇಶದ ನಡುವೆ ತೆಜುಕಾ ತಾವೇ ಕಥೆಯೊಳಗೆ ನುಗ್ಗಿ ನಗಿಸುವುದು, ಆ ಕಾಲಕ್ಕೆ ಸೇರದ ವಸ್ತುಗಳ ಬಗ್ಗೆ ಚಟಾಕಿ ಹಾರಿಸುವುದು ಎಷ್ಟೋ ಕಡೆ ರಸಭಂಗ. ಯಕ್ಷಗಾನದಲ್ಲಿ ಹಾಸ್ಯಗಾರನಿಗೆ ಅವನದೇ ಹೊತ್ತಿದೆ. ಇಲ್ಲಿ ಅವನು ಹೊತ್ತುಗೊತ್ತಿಲ್ಲದೆ ರಂಗಕ್ಕೆ ಬರುತ್ತಾನೆ.

ಕೆಯ್ಜಿ ನಕಜವಾ ಅವರ 'ಬರಿಗಾಲ ಗೆನ್' ಬೇರೆಯೇ ಜಾತಿಯ ಕೃತಿ. 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿ ನಕಜವಾ ಆರು ವರ್ಷದ ಬಾಲಕ; ಶಾಲೆಯ ಗೋಡೆಯ ಮರೆಯಲ್ಲಿದ್ದುದರಿಂದ ಉಳಿದರು. ತಂದೆ, ಅಕ್ಕ, ತಮ್ಮ ಉಳಿಯಲಿಲ್ಲ. 1966ರಲ್ಲಿ ತಾಯಿಯ ಶವಸಂಸ್ಕಾರವಾದಾಗ ಬೂದಿಯಲ್ಲಿ ಆರಿಸಿಕೊಳ್ಳಲು ಮೂಳೆಗಳೇ ಉಳಿದಿರಲಿಲ್ಲವೆಂದೂ, ಆ ಸಿಟ್ಟಿನಿಂದಲೇ ತಾವು ಬಾಂಬಿನ ಬಗ್ಗೆ ಬರೆಯತೊಡಗಿದ್ದೆಂದೂ ಅವರು ಹೇಳಿಕೊಂಡಿದ್ದಾರೆ. 1973ರಲ್ಲಿ ಮಕ್ಕಳ ವಾರಪತ್ರಿಕೆಯೊಂದರಲ್ಲಿ ಆರಂಭವಾದ ಕಥೆ ಬೇರೆ ಬೇರೆ ಪತ್ರಿಕೆಗಳಿಗೆ ದಾಟುತ್ತಾ 10 ಸಂಪುಟವಾಯಿತು. ಚಿತ್ರಗಳು ಒರಟು, ಪಾತ್ರಗಳು ಸದಾ ಕೂಗಾಡುತ್ತವೆ, ಹೊಡೆದಾಡುತ್ತವೆ. ಸೂಕ್ಷ್ಮತೆ ಹುಡುಕುವವರಿಗೆ ಇದು ರುಚಿಸಲಾರದು. ಆದರೆ ನನ್ನ ಮಟ್ಟಿಗೆ ಈ ಒರಟುತನವೇ ಅದರ ಪ್ರಾಮಾಣಿಕತೆ. ಬಾಂಬು ಹಾಕಿದ ಅಮೆರಿಕವನ್ನು ಬಯ್ಯುವಷ್ಟೇ ಗಟ್ಟಿಯಾಗಿ ನಕಜವಾ ಯುದ್ಧಕ್ಕಿಳಿದ ತಮ್ಮ ದೇಶವನ್ನೂ ಅದರ ಚಕ್ರವರ್ತಿಯನ್ನೂ ಬಯ್ಯುತ್ತಾರೆ. ಗೆನ್‌ನ ಕುಟುಂಬದ ನೆರೆಯಲ್ಲಿ ಪಾಕ್ ಎಂಬ ಕೊರಿಯನ್ನನಿದ್ದಾನೆ. ಊರೆಲ್ಲ ದೂರವಿಟ್ಟ ಆ ಕುಟುಂಬಕ್ಕೆ ನೆರವಾಗುವವನು ಅವನೇ. ಬಾಂಬಿನಿಂದ ಸತ್ತವರಲ್ಲಿ ಕೊರಿಯನ್ನರೂ ಇದ್ದರೆಂಬುದನ್ನು ಜಪಾನೀ ಮಕ್ಕಳಿಗೆ ಹೇಳಿದ ಪುಸ್ತಕ ಇದು. ಇಂಥ ಪುಸ್ತಕ ತನ್ನ ನೆಲದಲ್ಲೇ ಇರಿಸುಮುರಿಸು ಉಂಟುಮಾಡಿತು. 2012ರ ಕೊನೆಯಲ್ಲಿ ಮಾತ್ಸುಯೆ ನಗರದ ಶಾಲಾ ಗ್ರಂಥಾಲಯಗಳಲ್ಲಿ ಇದನ್ನು ಮಕ್ಕಳ ಕೈಗೆ ಸಿಗದಂತೆ ಮಾಡಿ, ಪ್ರತಿಭಟನೆ ಎದ್ದ ಮೇಲೆ 2013ರಲ್ಲಿ ಆ ನಿರ್ಬಂಧವನ್ನು ತೆಗೆದರು. 2023ರಲ್ಲಿ ಹಿರೋಶಿಮಾ ನಗರವೇ ತನ್ನ ಶಾಂತಿಪಾಠದ ಪುಸ್ತಕದಿಂದ ಗೆನ್‌ನನ್ನು ಕೈಬಿಟ್ಟಿತು.

ಅದೇ ಯುದ್ಧವನ್ನು ಫುಮಿಯೊ ಕೊನೊ 'ಲೋಕದ ಈ ಮೂಲೆಯಲ್ಲಿ' (2007–2009) ಕೃತಿಯಲ್ಲಿ ಪಿಸುದನಿಯಲ್ಲಿ ಹೇಳುತ್ತಾರೆ. ಹಿರೋಶಿಮಾದಿಂದ ಕುರೆ ಎಂಬ ನೌಕಾನೆಲೆಯ ಊರಿಗೆ ಸೊಸೆಯಾಗಿ ಬಂದ ಸುಜು ಚಿತ್ರ ಬರೆಯುವ ಹುಡುಗಿ. ಅಕ್ಕಿ ಸಾಲದಾದಾಗ ಸೊಪ್ಪು ಬೆರೆಸಿ ಅಡುಗೆ ಮಾಡುವುದು, ಹಳೆಯ ಕಿಮೊನೊ ಕತ್ತರಿಸಿ ದುಡಿಮೆಯ ಉಡುಪು ಹೊಲಿಯುವುದು, ನಾದಿನಿಯ ಚುಚ್ಚುಮಾತು, ಇಷ್ಟರಲ್ಲೇ ಪುಟಗಳು ಸಾಗುತ್ತವೆ. ಕೂಡುಕುಟುಂಬದ ನಮ್ಮ ಹೆಂಗಸರಿಗೆ ಈ ಅಡುಗೆಮನೆ ಗುರುತು ಸಿಕ್ಕೇ ಸಿಗುತ್ತದೆ. ಬಿದ್ದು ಸಿಡಿಯದೆ ಉಳಿದಿದ್ದ ಬಾಂಬೊಂದು ಆಮೇಲೆ ಸಿಡಿದು, ಸುಜು ಕೈಹಿಡಿದು ನಡೆಸುತ್ತಿದ್ದ ನಾದಿನಿಯ ಮಗಳು ಸಾಯುತ್ತಾಳೆ. ಹಿಡಿದಿದ್ದ ಬಲಗೈಯೂ ಹೋಗುತ್ತದೆ. ಅಲ್ಲಿಂದ ಮುಂದೆ ಚಿತ್ರಗಳ ಹಿನ್ನೆಲೆಯ ಗೆರೆಗಳು ಸೊಟ್ಟಗಾಗುತ್ತವೆ, ನಡುಗುತ್ತವೆ. ಕೊನೊ ಅವನ್ನು ತಮ್ಮ ಎಡಗೈಯಿಂದ ಬರೆದರು. ಈ ವಿಷಯ ಗೊತ್ತಿಲ್ಲದವನಿಗೂ ಪ್ರಪಂಚ ಓರೆಯಾದದ್ದು ತಿಳಿಯುತ್ತದೆ. ಆಶಯ ಮತ್ತು ಆಕೃತಿ ಒಂದಾಗಬೇಕೆಂದು ನಾವು ವಿಮರ್ಶೆಯಲ್ಲಿ ಹೇಳುತ್ತಲೇ ಬಂದಿದ್ದೇವೆ. ಆದದ್ದನ್ನು ನಾನು ಇಲ್ಲಿ ಕಂಡೆ. ಯುದ್ಧ ಮುಗಿದ ದಿನ ಊರಿನಲ್ಲಿ ಒಂದು ಕೊರಿಯನ್ ಧ್ವಜ ಏರುವುದು ಸುಜುವಿಗೆ ಕಾಣಿಸುತ್ತದೆ. ತಾವು ಇತರರನ್ನು ಹಿಂಸೆಯಿಂದ ಬಗ್ಗಿಸಿದ್ದೆವು, ಆದ್ದರಿಂದ ಹಿಂಸೆಗೇ ಬಗ್ಗಬೇಕಾಯಿತು ಎಂಬ ಅರಿವು ಅವಳಿಗೆ ಆ ಕ್ಷಣದಲ್ಲಿ ಆಗುತ್ತದೆ. ಅಡುಗೆಮನೆಯೊಳಗೆ ಬದುಕಿದ ಮುಗ್ಧೆಗೂ ದೇಶದ ಪಾಪದಲ್ಲಿ ಪಾಲಿದೆ ಎಂದು ಹೇಳಲು ಧೈರ್ಯ ಬೇಕು.

ಆ ಧ್ವಜದ ಆಚೆಯ ಕಥೆಗೆ ಕೊರಿಯದ ಕಮ್ ಸುಕ್ ಜಾಂಡ್ರಿ-ಕಿಮ್ ಅವರ 'ಹುಲ್ಲು' (2017) ಓದಬೇಕು. ಜಪಾನೀ ಸೈನ್ಯದ ಲೈಂಗಿಕ ದಾಸ್ಯಕ್ಕೆ ತುತ್ತಾದ ಲೀ ಓಕ್-ಸುನ್ ಎಂಬ ಹೆಣ್ಣುಮಗಳ ಬಾಯಿಂದಲೇ ಕೇಳಿ ಬರೆದ ಜೀವನಚರಿತ್ರೆ ಅದು. ಶಾಲೆಗೆ ಹೋಗಬೇಕೆಂಬುದೊಂದೇ ಆಸೆಯಿದ್ದ ಬಡವರ ಮನೆಯ ಹುಡುಗಿಯನ್ನು ಓದಿಸುವ ಮಾತು ಕೊಟ್ಟು ಬೇರೆ ಮನೆಗೆ ಕಳಿಸುತ್ತಾರೆ. ಅಲ್ಲಿ ಸಿಗುವುದು ಚಾಕರಿ. 1942ರಲ್ಲಿ, ಹದಿನೈದರ ಪ್ರಾಯದಲ್ಲಿ, ಬೀದಿಯಿಂದಲೇ ಅವಳನ್ನು ಹಿಡಿದು ಚೀನಾಕ್ಕೆ ಸಾಗಿಸುತ್ತಾರೆ. ಅವಳು ತಾಯ್ನಾಡಿಗೆ ಮರಳಿದ್ದು 2000ದಲ್ಲಿ. ಅತ್ಯಾಚಾರದ ಭಾಗವನ್ನು ಲೇಖಕಿ ಚಿತ್ರಿಸುವುದಿಲ್ಲ. ಕಪ್ಪು ಚೌಕಗಳನ್ನು ಇಡುತ್ತಾರೆ. ಬಳಿಕ ಪುಟ ತುಂಬ ಶಾಯಿಯಲ್ಲಿ ಅದ್ದಿದ ಕುಂಚದ ಮರಗಳು, ಗಾಳಿಗೆ ಬಾಗಿದ ಹುಲ್ಲು. ತೋರಿಸದೆ ಇರುವುದೇ ಇಲ್ಲಿ ಔಚಿತ್ಯ. ಹಿಂಸೆಯನ್ನು ತೋರಿಸಿ ಮಾರುವ ನೂರಾರು ಚಿತ್ರಕಥೆಗಳ ನಡುವೆ ಈ ಕಪ್ಪು ಚೌಕಗಳು ನನಗೆ ಪಾಠದಂತೆ ಕಂಡವು. ಇದೇ ಲೇಖಕಿಯ 'ಕಾಯುವಿಕೆ' (2020) ಕೊರಿಯ ಯುದ್ಧದಲ್ಲಿ ಅಗಲಿದ ಕುಟುಂಬಗಳ ಕಥೆ. ಗುಳೆ ಹೊರಟ ಜನಸಾಗರದ ನಡುವೆ ತಾಯಿಯೊಬ್ಬಳು ಕೂಸಿಗೆ ಹಾಲೂಡಿಸಲೆಂದು ದಾರಿಬದಿಗೆ ಸರಿಯುತ್ತಾಳೆ. ತಲೆಯೆತ್ತಿ ನೋಡಿದರೆ ಗಂಡನೂ ಮಗನೂ ಇಲ್ಲ. ಮುಂದಿನ ಇಡೀ ಬದುಕು ಕಾಯುವುದರಲ್ಲೇ ಕಳೆಯುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯನ್ನು ನೆನೆದು ನಾವು ನಮ್ಮ ಗಡಿಯ ನೋವನ್ನು ಆಡಿಕೊಳ್ಳುವುದುಂಟು. ಆ ನೋವು ಸುಳ್ಳಲ್ಲ. ಆದರೆ ನಮ್ಮ ಗಡಿ ದಾಟಲು ಒಂದು ಬಸ್ಸು ಸಾಕು, ಆಚೆಯ ಮನೆಗೆ ಮದುವೆಯ ಕಾಗದ ಹೋಗುತ್ತದೆ. ಆ ತಾಯಿಗೆ ಅಷ್ಟೂ ಇರಲಿಲ್ಲ. 'ಕಾಯುವಿಕೆ' ನಮ್ಮ ನೋವಿನ ಅಳತೆಯನ್ನು ನಮಗೇ ತಿಳಿಸುತ್ತದೆ.

ಇನ್ನು ಮಕ್ಕಳು ನಿಜವಾಗಿ ಓದುವ ಕೃತಿಗಳಿಗೆ ಬರೋಣ. ಜಪಾನಿನ 'ಶೋನೆನ್ ಜಂಪ್' ವಾರಪತ್ರಿಕೆ 1995ರ ಸುಮಾರಿಗೆ 65 ಲಕ್ಷಕ್ಕೂ ಹೆಚ್ಚು ಪ್ರತಿಗಳ ಪ್ರಸಾರ ಕಂಡಿತ್ತು. ಓದುಗರು ಕಳಿಸುವ ಅಂಚೆಕಾರ್ಡುಗಳ ಅಭಿಪ್ರಾಯ ನೋಡಿ ಅಲ್ಲಿ ಒಂದು ಧಾರಾವಾಹಿಯ ಅಳಿವು ಉಳಿವು ನಿರ್ಧಾರವಾಗುತ್ತಿತ್ತು. ಇಂಥ ಒತ್ತಡದಲ್ಲಿ ಹುಟ್ಟಿದ ಕಥೆಗಳಲ್ಲಿ ಎಳೆದಾಟ, ಒಂದಾದ ಮೇಲೊಂದು ಹೆಚ್ಚು ಬಲದ ಶತ್ರು, ಮುಗಿಯದ ಕಾಳಗ ಸಹಜ. ಆದರೂ ಆ ಪತ್ರಿಕೆಯಲ್ಲೇ ತಕೆಹಿಕೊ ಇನೊವೆಯವರ 'ಸ್ಲಾಮ್ ಡಂಕ್' (1990–1996) ಬಂತು. ಶಾಲಾ ಹುಡುಗರ ಬಾಸ್ಕೆಟ್‌ಬಾಲ್ ಕಥೆ, 31 ಸಂಪುಟ. ಕೊನೆಯ ಹಲವು ಸಂಪುಟಗಳನ್ನು ಒಂದೇ ಪಂದ್ಯ ತುಂಬಿದೆ. ಇದನ್ನು ಕಾಲಹರಣವೆನ್ನುವವರಿಗೆ ನಾನು ನಮ್ಮ ತಾಳಮದ್ದಳೆಯನ್ನು ನೆನಪಿಸುತ್ತೇನೆ. ಕರ್ಣಪರ್ವದಲ್ಲಿ ಬಾಣ ಹೂಡುವ ಮೊದಲು ಗಂಟೆಗಟ್ಟಲೆ ನಡೆಯುವ ಮಾತನ್ನು ನಾವು ಕಾಲಹರಣ ಎನ್ನುವುದಿಲ್ಲ. ಆ ಮಾತಿಗಾಗಿಯೇ ನಿದ್ದೆಗೆಡುತ್ತೇವೆ. ಕ್ಷಣವನ್ನು ಹಿಗ್ಗಿಸಿ ಅದರೊಳಗಿನ ಮನುಷ್ಯನನ್ನು ತೋರಿಸುವ ಕಲೆ ಎರಡರಲ್ಲೂ ಇದೆ. ವ್ಯತ್ಯಾಸವೂ ಇದೆ: ಇನೊವೆ ಪಂದ್ಯದ ಕಡೆಯ ಘಳಿಗೆಗೆ ಬಂದಾಗ ಮಾತನ್ನೆಲ್ಲ ಅಳಿಸಿಬಿಡುತ್ತಾರೆ. ಚೆಂಡು, ಕೈ, ಕಣ್ಣು, ಬೆವರು ಮಾತ್ರ. ಆ ಮಹಾಜಯದ ಮರುಪಂದ್ಯದಲ್ಲೇ ನಾಯಕರ ತಂಡ ಹೀನಾಯವಾಗಿ ಸೋತಿತೆಂದು ಒಂದೇ ಮಾತಿನಲ್ಲಿ ತಿಳಿಸುತ್ತಾರೆ. ಗೆಲ್ಲುವುದನ್ನೇ ಕಲಿಸುವ ಮಕ್ಕಳ ಪತ್ರಿಕೆಯಲ್ಲಿ ಇದು ಸಣ್ಣ ಮಾತಲ್ಲ.

ಇದೇ ಕೃತಿಯ ಕೊರಿಯನ್ ಅನುವಾದದ ಸಂಗತಿ ನಮ್ಮಂಥವರಿಗೆ ವಿಶೇಷ ಆಸಕ್ತಿಯದು. ಜಪಾನಿನ ಜನಪ್ರಿಯ ಸಂಸ್ಕೃತಿಗೆ ದಕ್ಷಿಣ ಕೊರಿಯ ಅಧಿಕೃತವಾಗಿ ಹಂತಹಂತವಾಗಿ ಬಾಗಿಲು ತೆರೆದದ್ದು 1998ರಿಂದ. ಅದಕ್ಕೂ ಮೊದಲೇ ಒಳಬಂದ ಚಿತ್ರಕಥೆಗಳಲ್ಲಿ ಪಾತ್ರಗಳಿಗೆ ಕೊರಿಯನ್ ಹೆಸರಿಡುತ್ತಿದ್ದರು. ಸಕುರಾಗಿ ಹನಮಿಚಿ ಎಂಬ ಕೆಂಪುತಲೆಯ ನಾಯಕ ಅಲ್ಲಿ ಕಾಂಗ್ ಬೆಕ್-ಹೊ ಆದ. 1940ರಲ್ಲಿ ಹೆಸರು ಕಳೆದುಕೊಂಡವರ ಮೊಮ್ಮಕ್ಕಳು ಜಪಾನೀ ನಾಯಕನಿಗೆ ತಮ್ಮ ಹೆಸರಿಟ್ಟರು! 2023ರಲ್ಲಿ ಈ ಕಥೆ ಚಲನಚಿತ್ರವಾಗಿ ಕೊರಿಯದಲ್ಲಿ ತೆರೆಕಂಡಾಗಲೂ ಆ ಕೊರಿಯನ್ ಹೆಸರುಗಳೇ ಉಳಿದವು. ಲಕ್ಷಾಂತರ ಜನ ನೋಡಿದರು. ನೆರೆಯವರ ಕಥೆಯನ್ನು ತಮ್ಮ ನುಡಿಗೆ ತಂದುಕೊಂಡು ತಮ್ಮದಾಗಿಸುವುದರಲ್ಲಿ ಸೋಲೂ ಇಲ್ಲ, ಶರಣಾಗತಿಯೂ ಇಲ್ಲ.

ಹಾಜಿಮೆ ಇಸಯಾಮಾರ 'ಟೈಟನ್ನರ ದಾಳಿ' (2009–2021, 34 ಸಂಪುಟ) ಬಗ್ಗೆ ನನಗೆ ಎರಡು ಮನಸ್ಸಿದೆ. ಎತ್ತರದ ಗೋಡೆಗಳ ಒಳಗೆ ಬದುಕುವ ಜನ, ಹೊರಗೆ ಮನುಷ್ಯರನ್ನು ತಿನ್ನುವ ದೈತ್ಯರು. ಮೊದಲ ಭಾಗ ರಕ್ತಸಿಕ್ತ ರೋಚಕತೆಯಷ್ಟೇ ಎಂದು ಪುಸ್ತಕ ಮುಚ್ಚುವವರನ್ನು ನಾನು ದೂರುವುದಿಲ್ಲ. ಆದರೆ ಅರ್ಧ ದಾಟಿದ ಮೇಲೆ ಕಥೆ ಗೋಡೆಯ, ಕಡಲಿನ ಆಚೆಗೆ ಹೋಗಿ ಶತ್ರುವಿನ ಮನೆಯ ಮಕ್ಕಳನ್ನು ತೋರಿಸುತ್ತದೆ. ನಾವು ಇಷ್ಟು ಹೊತ್ತು ಮರುಗಿದ ಜನ ಅವರ ಪಾಲಿಗೆ ದೆವ್ವಗಳು. ಗೋಡೆಯ ಎರಡೂ ಬದಿಯಲ್ಲಿ ಓದುಗನನ್ನು ನಿಲ್ಲಿಸುವ ಈ ತಿರುವೇ ಕೃತಿಯ ಶ್ರೇಷ್ಠ ಗುಣ. ಕೊನೆಗೆ ನಾಯಕನೇ ಲೋಕವನ್ನು ತುಳಿದು ಹಾಕಲು ಹೊರಡುತ್ತಾನೆ. ಅದನ್ನು ಹೇಳುವಾಗ ಲೇಖಕ ಅಳುಕುತ್ತಾರೆ. ಇಂಥ ಸಂಹಾರಕ್ಕೆ ಪ್ರೇಮ, ಗೆಳೆತನಗಳ ಸಮಜಾಯಿಷಿ ಹುಡುಕುತ್ತಾರೆ. ಹದಿನೈದರ ಹುಡುಗ ಅಲ್ಲಿಂದ ಏನನ್ನು ಎತ್ತಿಕೊಳ್ಳುತ್ತಾನೆಂಬ ಭಯ ನನಗಿದೆ.

ಕೊರಿಯದ ಹೊಸ ಮಾನ್ಹ್ವಾ ಹೆಚ್ಚಾಗಿ ಪುಸ್ತಕದ್ದಲ್ಲ, ಫೋನಿನದು. ಬಣ್ಣದ ಚಿತ್ರಗಳು ಮೇಲಿನಿಂದ ಕೆಳಕ್ಕೆ, ಬಾವಿಗೆ ಕೊಡ ಇಳಿಬಿಟ್ಟಂತೆ ಸರಿಯುತ್ತವೆ. ಪುಟ ತಿರುವುವ ಕ್ಷಣದ ಬೆರಗು ಇಲ್ಲಿಲ್ಲ. ಬದಲಿಗೆ ಎರಡು ಚಿತ್ರಗಳ ನಡುವಿನ ಖಾಲಿ ಜಾಗವೇ ಕಾಲದ ಅಳತೆ. ಹೀಗೆ ಬಂದವುಗಳಲ್ಲಿ ಜಗತ್ತೇ ಓದಿದ್ದು 'ಸೋಲೋ ಲೆವೆಲಿಂಗ್' (2018–2021). ತಾಯಿಯ ಆಸ್ಪತ್ರೆಯ ಖರ್ಚಿಗಾಗಿ ಪ್ರಾಣ ಪಣಕ್ಕಿಡುವ ಅತಿ ದುರ್ಬಲ ಯುವಕ ಸುಂಗ್ ಜಿನ್-ವು, ಕಣ್ಣೆದುರು ತೇಲುವ ಫಲಕವೊಂದು ಹೇಳಿದ ಕಸರತ್ತು ಮಾಡಿ ಮಾಡಿ ಮಹಾಬಲನಾಗುತ್ತಾನೆ. ಚಿತ್ರಗಳ ಸೊಬಗನ್ನು ಒಪ್ಪುತ್ತೇನೆ. ಆದರೆ ನಾಯಕ ಬೆಳೆದಂತೆ ಉಳಿದ ಮನುಷ್ಯರೆಲ್ಲ ಬಾಯಿ ಕಳೆದು ನೋಡುವ ಪ್ರೇಕ್ಷಕರಾಗುತ್ತಾರೆ. ಬದುಕು ಅಂಕಪಟ್ಟಿಯಾಗುತ್ತದೆ. ಪರೀಕ್ಷೆಯ ಅಂಕಗಳಿಂದಲೇ ಅಳೆಯಲ್ಪಡುವ ನಮ್ಮ ಮಕ್ಕಳಿಗೆ ಇದು ಏಕೆ ಹಿಡಿಸುತ್ತದೆಂದು ಅರ್ಥವಾಗುತ್ತದೆ: ಇಲ್ಲಿ ದುಡಿದಷ್ಟಕ್ಕೂ ಲೆಕ್ಕಕ್ಕೆ ಸರಿಯಾಗಿ ಫಲ ಸಿಗುತ್ತದೆ. ಲೋಕದಲ್ಲಿ ಹಾಗಿಲ್ಲ. ಇದನ್ನು ಚಿತ್ರಿಸಿದ ಕಲಾವಿದ ಜಾಂಗ್ ಸುಂಗ್-ರಾಕ್ 2022ರಲ್ಲಿ ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡರು.

ಲೋಕದಲ್ಲಿ ಹೇಗಿದೆ ಎಂಬುದನ್ನು ಅದೇ ಕೊರಿಯದ ಯೂನ್ ತೆ-ಹೊ 'ಮಿಸೆಂಗ್' (2012–2013) ಕೃತಿಯಲ್ಲಿ ಹೇಳಿದ್ದಾರೆ. ಆ ಶಬ್ದ ಬದುಕ್ ಎಂಬ ಕಲ್ಲಿನ ಆಟದ್ದು. 'ಇನ್ನೂ ಜೀವ ಬಂದಿಲ್ಲದ್ದು' ಎಂದು ಅರ್ಥ. ಬಾಲ್ಯವನ್ನೆಲ್ಲ ಆ ಆಟಕ್ಕೆ ಸುರಿದು ವೃತ್ತಿಪಟುವಾಗಲಾರದೆ ಸೋತ ಜಾಂಗ್ ಗ್ರೆ, ಪದವಿಯಿಲ್ಲದೆ, ಒಂದು ವ್ಯಾಪಾರಿ ಸಂಸ್ಥೆಗೆ ತಾತ್ಕಾಲಿಕ ನೌಕರನಾಗಿ ಸೇರುತ್ತಾನೆ. 1989ರಲ್ಲಿ ಚೋ ಹುನ್-ಹ್ಯುನ್ ಮತ್ತು ನಿಯೆ ವೈಪಿಂಗ್ ಆಡಿದ ಅಂತಿಮ ಪಂದ್ಯದ 145 ನಡೆಗಳು, ಕಥೆಗೂ 145 ಕಂತುಗಳು. ಕಡತ, ಜೆರಾಕ್ಸು, ಮೇಲಧಿಕಾರಿಯ ಸಿಡುಕು, ಖಾಯಂ ಆಗುವ ಆಸೆ, ಇವುಗಳಲ್ಲೇ ಎದೆ ಡವಗುಟ್ಟಿಸುತ್ತಾರೆ ಲೇಖಕರು. ದುಡಿದರೂ ಅವನು ಖಾಯಂ ಆಗುವುದಿಲ್ಲ. ಊರು ಬಿಟ್ಟು ನಗರಗಳ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳ ಕಥೆಯನ್ನು ಇಷ್ಟು ಹತ್ತಿರದಿಂದ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಮತ್ತೆ ಹಿರಿಯರ ಆತಂಕಕ್ಕೆ ಬರುತ್ತೇನೆ. ಈ ಕೃತಿಗಳಿಂದ ನಮ್ಮ ಮಕ್ಕಳ ಕನ್ನಡ ಕೆಡುತ್ತಿದೆ ಎನ್ನಲು ನನಗೆ ಆಧಾರ ಕಾಣದು. ಶಾಲೆಯಲ್ಲಿ ಮಲಯಾಳ, ಪರೀಕ್ಷೆಗೆ ಇಂಗ್ಲಿಷ್, ಮನೆಯಲ್ಲಿ ಕನ್ನಡವೋ ತುಳುವೋ ಎಂದು ಬದುಕುವ ಹುಡುಗಿಗೆ ಕನ್ನಡವೆಂದರೆ ಕರ್ತವ್ಯವಾಗಿಬಿಟ್ಟಿದೆ, ರುಚಿಯಾಗಿಲ್ಲ. ರುಚಿ ಅವಳಿಗೆ ಬೇರೆ ಕಡೆ ಸಿಕ್ಕಿತು. ಆ ರುಚಿಯ ಬಗ್ಗೆ ಅವಳು ಮಾತಾಡಬಯಸಿದರೆ ಕೇಳುವವರು ಮನೆಯಲ್ಲಿ ಇಲ್ಲ. ನಾವು 'ಮಂಗನ ಕಥೆ' ಎಂದು ನಕ್ಕು ಮಾತು ಮುಗಿಸಿದರೆ ಅವಳು ಅದನ್ನು ಇಂಗ್ಲಿಷಿನಲ್ಲಿ, ಅಪರಿಚಿತರೊಡನೆ ಆಡುತ್ತಾಳೆ. ನಾವು ಕಳೆದುಕೊಳ್ಳುವುದು ಅಲ್ಲಿ. ಮಾಂಗಾದಲ್ಲಿ ಸದ್ದುಗಳನ್ನು ಚಿತ್ರದೊಳಗೇ ಬರೆಯುತ್ತಾರೆ. ಮೌನಕ್ಕೂ 'ಶೀನ್' ಎಂಬ ಸದ್ದಿದೆ. ಅದನ್ನು ಇಂಗ್ಲಿಷಿಗೆ ತರಲು ಅನುವಾದಕರು ತಿಣುಕುತ್ತಾರೆ. ಕನ್ನಡದಲ್ಲಿ ಕತ್ತಲೆ ಗವ್ವೆನ್ನುತ್ತದೆ, ಮಳೆ ಧೋ ಎನ್ನುತ್ತದೆ, ಎದೆ ಧಸಕ್ಕೆನ್ನುತ್ತದೆ. ಇಂಥ ಅನುಕರಣ ಶಬ್ದಗಳ ರಾಶಿಯಿರುವ ನುಡಿ ನಮ್ಮದು. ಒಂದು ಸಂಜೆ ಮಕ್ಕಳ ಕೈಯಲ್ಲಿರುವ ಕಥೆಯನ್ನು ಕನ್ನಡದಲ್ಲಿ ಹೇಳಿಸಿ ಕೇಳಿದರೆ ಆ ಶಬ್ದಗಳಿಗೆ ಕೆಲಸ ಸಿಗುತ್ತದೆ.

ಯಾವುದರಿಂದ ಆರಂಭಿಸಲಿ ಎಂದು ಹಿರಿಯರು ಕೇಳಿದರೆ 'ಲೋಕದ ಈ ಮೂಲೆಯಲ್ಲಿ' ಎನ್ನುತ್ತೇನೆ. ಹದಿನಾರು ದಾಟಿದ ಮಕ್ಕಳೊಡನೆ 'ಹುಲ್ಲು' ಓದಬಹುದು, ಆದರೆ ಒಬ್ಬರೇ ಓದಲು ಬಿಡದೆ ಪಕ್ಕದಲ್ಲಿ ಕುಳಿತು. 'ಸೋಲೋ ಲೆವೆಲಿಂಗ್' ಅನ್ನು ಕಿತ್ತಿಟ್ಟುಕೊಳ್ಳುವುದು ಬೇಡ. ಅದರ ಪಕ್ಕದಲ್ಲಿ 'ಮಿಸೆಂಗ್' ಇಟ್ಟರೆ ಸಾಕು, ಉಳಿದದ್ದನ್ನು ಓದುವವರೇ ತೂಗಿ ನೋಡುತ್ತಾರೆ.